ಕುಸುಬಿ ಹೂವಿನ ಆರತಿ

ದೆವ್ವಕ್ಕೆ ಹೆದರದವನು, ಹೆಡ್‌ಮಾಸ್ತರಿಗೆ ಹೆದರದವನು, ಬಾದಾಮಿಯ ಕೆಂಪು ಮೂತಿಯ ಮಂಗಗಳ ಕೈಯಿಂದಲೇ ಶೇಂಗಾ ಕಸಿದು ತಿಂದವನು ನಾನು. ಇದನ್ನು ನಾನೇ ಹೇಳಿಕೊಳ್ಳಬೇಕು, ಏಕೆಂದರೆ ನೋಡಿದವರಲ್ಲಿ ಹೆಚ್ಚಿನವರು ಈಗಿಲ್ಲ, ಇರುವವರು ಒಪ್ಪುವುದಿಲ್ಲ. ಇಂಥ ಗಂಡುಗಲಿಗೆ ಕಳಿತ ಬಾಳೆಹಣ್ಣಿನ ವಾಸನೆ ಬಂದರೆ ಸಾಕು, ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತದೆ.

ಮೊನ್ನೆ ಬಾಗಲಕೋಟೆಯ ಒಂದು ಮಂಗಲ ಕಾರ್ಯಾಲಯದಲ್ಲಿ ಅದೇ ಆಯಿತು. ನನ್ನ ಅಕ್ಕ ಗಂಗಕ್ಕನ ಮೊಮ್ಮಗಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹೊಸ ಕುಬಸ ತೊಡಿಸಿ, ತಲೆತುಂಬ ಹೂ ಮುಡಿಸಿ, ಮಣೆಯ ಮೇಲೆ ಕೂಡಿಸಿ ಆರತಿ ಎತ್ತುವ ಕಾರ್ಯ. ಮಣೆಯ ಹಿಂದೆ ಥರ್ಮಾಕೋಲಿನ ಕಮಾನು, ಅದಕ್ಕೆ ಪ್ಲಾಸ್ಟಿಕ್ ಗುಲಾಬಿ, ಗುಲಾಬಿಯ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಇಬ್ಬನಿ. ಡೆಕೋರೇಷನ್ನಿನವನು ನನ್ನ ಹತ್ತಿರ ಬಂದು ಎದೆ ಉಬ್ಬಿಸಿದ.

"ಹೆಂಗೈತ್ರಿ ಅಜ್ಜಾರ? ವರ್ಷಗಟ್ಟಲೆ ಇಟ್ರೂ ಬಾಡಂಗಿಲ್ಲ. ಒಂದ್ ನೊಣ ಸುದ್ಧಾ ಹತ್ರ ಬರಂಗಿಲ್ಲ ನೋಡ್ರಿ."

"ಅದ ಛಲೋ ಆತಪಾ," ಎಂದೆ.

ನಾನು ಚೇಷ್ಟೆ ಮಾಡಿದೆನೆಂದುಕೊಂಡು ಅವನು ನಕ್ಕ. ಜೀವನದಲ್ಲಿ ಅಪರೂಪಕ್ಕೆ ಖರೆ ಮಾತಾಡಿದರೂ ನನಗೆ ಇದೇ ಗತಿ. ಅಷ್ಟರಲ್ಲಿ ಯಾರೋ ಉಡಿ ತುಂಬುವ ಹಣ್ಣಿನ ಬುಟ್ಟಿಯನ್ನು ತಂದು ನನ್ನ ಕುರ್ಚಿಯ ಪಕ್ಕದಲ್ಲೇ ಇಟ್ಟರು. ಬಾಳೆಹಣ್ಣು ಮಾಗಿ ಕಪ್ಪಿಟ್ಟಿತ್ತು. ವಾಸನೆ ಮೂಗಿಗೆ ಬಡಿಯಿತು. ಅಕ್ಕನ ಕಡೆ ನೋಡಿದೆ. ಅವಳು ಆಗಲೇ ಮೂಗಿಗೆ ಸೆರಗು ಹಿಡಿದಿದ್ದಳು.

ನಮ್ಮ ಸೀಮೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಚಳಿಗಾಲ ಅದು. ನಾನು ಆಗ ಹುನಗುಂದದ ಸಾಲೆಯಲ್ಲಿ ಮಾಸ್ತರ. ಮದುವೆಯಾಗಿರಲಿಲ್ಲ, ಮೀಸೆ ಬಂದಿತ್ತು, ಬುದ್ಧಿ ಬರುವುದಿತ್ತು. ಗಂಗಕ್ಕನನ್ನು ಇಳಕಲ್ಲಿಗೆ ಕೊಟ್ಟಿದ್ದೆವು. ಅವಳ ಹೊಟ್ಟೆ ಎರಡು ಸಲ ನಿಂತಿರಲಿಲ್ಲ. ಎರಡು ಸಲವೂ ಕುಬಸದ ಮಾತು ಎತ್ತುವ ಮೊದಲೇ ಕೈ ತಪ್ಪಿ ಹೋಗಿತ್ತು. ಈ ಸಲ ಏಳು ತುಂಬಿತು. ಹೆರಿಗೆಗೆಂದು ಅವಳನ್ನು ಬಾದಾಮಿಯ ನಮ್ಮ ಮನೆಗೆ ಕರೆತಂದಿದ್ದರು. ನಾನು ರಜೆ ಹಾಕಿ ಬಂದು ನೋಡಿದರೆ, ಅದು ನಮ್ಮ ಮನೆಯೇ ಅಲ್ಲ ಎನ್ನಿಸಿತು. ಯಾರೂ ದನಿ ಎತ್ತುತ್ತಿರಲಿಲ್ಲ. ಕೂಸು ಎಂಬ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ, ಆಡಿದರೆ ಕೇಳಿಸಿಕೊಂಡು ಯಾರೋ ಎತ್ತಿಕೊಂಡು ಹೋಗುತ್ತಾರೆ ಎನ್ನುವಂತೆ. ಅವ್ವ ಹೊತ್ತಿಗೊಮ್ಮೆ ಅಕ್ಕನ ಹತ್ತಿರ ಬಂದು, "ಮಿಸುಕಿತೇನ?" ಎಂದು ಪಿಸುಗುಡುತ್ತಿದ್ದಳು. ಅಕ್ಕ "ಹೂಂ" ಎನ್ನುವವರೆಗೆ ಅಲ್ಲಿಂದ ಸರಿಯುತ್ತಿರಲಿಲ್ಲ. ನಾನು ಅಪ್ಪನ ಕನ್ನಡಕವನ್ನು ಆಕಳ ಕೊಂಬಿಗೆ ಸಿಕ್ಕಿಸಿದೆ. ಯಾರೂ ನಗಲಿಲ್ಲ. ಆಗ ನನಗೂ ಹೆದರಿಕೆ ಹತ್ತಿತು.

ಕುಬಸಕ್ಕೆ ಗುಳೇದಗುಡ್ಡದ ಖಣ ಬಂತು. ಇಳಕಲ್ಲಿನಿಂದ ಹಸಿರು ಸೀರೆ ಬೀಗರೇ ತರುವುದಾಯಿತು. ಉಳಿದದ್ದು ಹೂವು. ಚಳಿಗಾಲದಲ್ಲಿ ಮಲ್ಲಿಗೆ ಎಲ್ಲಿಂದ ಬರಬೇಕು? ಕಲಾದಗಿಯ ತೋಟದವನು ಸೇವಂತಿಗೆ ಕೊಡುತ್ತೇನೆಂದವನು ಎಲ್ಲವನ್ನೂ ಯಾರದೋ ಮದುವೆಗೆ ಕೊಟ್ಟುಬಿಟ್ಟಿದ್ದ. ಅಕ್ಕನ ಅತ್ತೆ ಪಾರ್ವತವ್ವ, ಬಣ್ಣದ ಕಾಗದದ ಹೂ ತರುತ್ತೇವೆ, ಈಗೆಲ್ಲ ಅದೇ ಚಂದ ಎಂದು ಹೇಳಿಕಳಿಸಿದಳು. ಅವ್ವ ಅತ್ತಳು.

"ಜೀವ ಇರೂ ಹೊಟ್ಟಿಗೆ ಜೀವ ಇಲ್ಲದ ಹೂವ ಮುಡಸ್ಲೇನು?"

"ಅಳಬ್ಯಾಡಬೇ," ಎಂದೆ ನಾನು. "ಹೂವ ನಾ ತರ್ತೇನಿ. ಹೊಲಾನ ಎತ್ತಿ ತಂದು ಅಂಗಳದಾಗ ಇಡ್ತೇನಿ. ಇಳಕಲ್ಲಿನವ್ರು ಕಾಗದಾ ನುಂಗಬೇಕು, ಹಂಗ."

ಬಾಯಿ ಬಿಟ್ಟದ್ದಾಯಿತು. ಇನ್ನು ಕೈ ಆಡಿಸಬೇಕಿತ್ತು. ನನ್ನ ಗೆಳೆಯ ಈರಪ್ಪನ ಎರೆ ಹೊಲ ಮಲಪ್ರಭೆಯ ಕಡೆಗಿತ್ತು. ಪುಷ್ಯದ ಆ ದಿನಗಳಲ್ಲಿ ಅಲ್ಲಿ ನಿಂತರೆ ಕಣ್ಣು ತುಂಬುತ್ತಿತ್ತು. ಬಿಳಿಜೋಳ ಹಾಲು ತುಂಬಿ ತಲೆ ಬಾಗಿತ್ತು. ನಡುವೆ ಅಗಸಿಯ ನೀಲಿ. ಸುತ್ತ, ದನ ನುಗ್ಗದಂತೆ ಬೇಲಿಯಾಗಿ ಬಿತ್ತಿದ ಕುಸುಬಿ, ಮೈಯೆಲ್ಲ ಮುಳ್ಳು, ನೆತ್ತಿಯ ಮೇಲೆ ಕೆಂಡದಂಥ ಹೂವು. ಬದುವಿನ ಮೇಲೆ ಅವರಿಕೆಯ ಹಳದಿ, ಬಾರಿಗಿಡದಲ್ಲಿ ಕೆಂಪು ಹಣ್ಣು. ಅಕ್ಕನ ಮಣೆಯ ಮೇಲೆ ಇದರದೇ ಹಂದರ ಕಟ್ಟುತ್ತೇನೆ ಎಂದೆ.

"ಕುಸುಬ್ಯಾಗ ಹಂದರಾ ಕಟ್ತಾನಂತ ಮಾಸ್ತರಾ!" ಎಂದ ಈರಪ್ಪ. "ಅಕ್ಕನ್ನ ಮುಳ್ಳಿನಾಗ ಕೂಡಸಾಂವ ಲೋಕದಾಗ ನೀ ಒಬ್ಬಾಂವ ನೋಡಲೇ."

"ಮುಳ್ಳು ಹೊರಗ, ಹೂವ ಒಳಗ. ನಿನ್ನ ಹೇಣ್ತಿ ನಿನ್ನ ಇಟ್ಟಾಳಲ್ಲ, ಹಂಗ."

ಹೊಡೆಯಲು ಬಂದ, ಆಮೇಲೆ ನಕ್ಕ. ಕೊಡಲು ಒಪ್ಪಿದ, ಆದರೆ ಕರಾರು ಹಾಕಿದ. ಗಿಡದ ನಡುವಿನ ಹೂ ಮುಟ್ಟಬಾರದು, ಪಕ್ಕದ ಟೊಂಗೆಯಷ್ಟೇ ಕೊಯ್ಯಬೇಕು, ಎಣ್ಣೆಗೆ ಕಾಳು ಉಳಿಯಬೇಕು. ಜೋಳದ ದಂಟು ಕಾರ್ಯ ಮುಗಿದ ಮೇಲೆ ಅವನ ಎತ್ತುಗಳಿಗೆ ಮರಳಬೇಕು. ಬಿಸಿಲು ಏರಿದರೆ ಕುಸುಬಿಯ ಮುಳ್ಳು ಸೂಜಿಯಾಗುತ್ತದೆ, ಇಬ್ಬನಿಯಲ್ಲಿ ನೆನೆದಾಗ ಮೆತ್ತಗಿರುತ್ತದೆ. ಅದಕ್ಕೆ ನಸುಕಿನಲ್ಲೇ ಹೋಗಿ, ಹಲ್ಲು ಕಟಕಟಿಸುತ್ತ ಕೊಯ್ದೆವು.

ನಾನು ಕಟ್ಟಿದ ಹಂದರದ ಬಗ್ಗೆ ನಾನೇ ಹೇಳಿದರೆ ಚಂದವಲ್ಲ, ಆದರೂ ಹೇಳುತ್ತೇನೆ. ಹೊಳೆಯ ಉಸುಕು ತುಂಬಿ ನೀರು ಉಣಿಸಿದ ನಾಲ್ಕು ಗಡಿಗೆ. ಒಂದೊಂದರಲ್ಲೂ ತೆನೆಸಹಿತ ಜೋಳದ ದಂಟುಗಳ ಸೂಡು ನೆಟ್ಟು, ಅದೇ ಕಂಬ. ಮೇಲೆ ಬಿದಿರಿನ ಕಮಾನು, ಅದಕ್ಕೆ ಮಾವಿನೆಲೆಯ ಹಾಸು, ಹಾಸಿನ ಮೇಲೆ ಕುಸುಬಿ. ಅಂಚಿನಲ್ಲಿ ತೆಳ್ಳಗೆ, ನಡುವೆ ಬರುತ್ತ ಬರುತ್ತ ದಟ್ಟವಾಗಿ, ಹಳದಿಯಿಂದ ಕೇಸರಿಗೆ, ಕೇಸರಿಯಿಂದ ಕೆಂಪಿಗೆ. ಬಾರಿಹಣ್ಣಿನ ಟೊಂಗೆಗಳು ಇಳಿಬಿದ್ದಿದ್ದವು. ಬುಡದಲ್ಲಿ ಮಿಕ್ಕ ಕುಸುಬಿಯ ಟೊಂಗೆ, ಮರುಗದ ಪರಿಮಳ. ಅಗಸಿಯ ನೀಲಿಯನ್ನೂ ಇಟ್ಟಿದ್ದೆ. ಅವ್ವ ಬಂದು ನೋಡಿ, ನೀಲಿ ಬೇಡ, ಇಂಥ ಹೊತ್ತಿನಲ್ಲಿ ಕಪ್ಪಿನ ಕುಲದ ಬಣ್ಣ ಬೇಡ ಎಂದು ಒಂದೊಂದೇ ಹೂವನ್ನು ಹುಡುಕಿ ಕಿತ್ತುಹಾಕಿದಳು. ಕೆಳಗೆ ಬಿದ್ದವನ್ನು ನಾನು ಆರಿಸಿ ಹಿತ್ತಿಲಿಗೆ ಹಾಕಿದೆ.

ಬೀಗರು ಮೋಟಾರಿನಲ್ಲಿ ಹಿಂದಿನ ಸಂಜೆಯೇ ಬಂದರು. ಪಾರ್ವತವ್ವ ಹಂದರವನ್ನು ಸುತ್ತು ಹಾಕಿ ನೋಡಿ, ಕಾಗದದ ಹೂವಿನ ಗಂಟನ್ನು ಹಾಸಿಗೆಯ ಸುರುಳಿಯೊಳಗೆ ತುರುಕಿದಳು. ನನಗೆ ಅಷ್ಟೇ ಬೇಕಿತ್ತು. ಆ ಸಂತೋಷದಲ್ಲಿ ಆಕೆಗೆ ಒಂದು ಮಾತು ಹೇಳಿದೆ. ಬಾದಾಮಿಯ ಮಂಗಗಳಿಗೆ ಮರ್ಯಾದೆ ಬೇಕು, ಎದುರಿಗೆ ಬಂದರೆ "ಬರ್ರೀ ಬೀಗರ" ಎನ್ನಬೇಕು, ಇಲ್ಲದಿದ್ದರೆ ಸೀರೆ ಹಿಡಿಯುತ್ತವೆ ಎಂದು. ಮರುದಿನ ಬೆಳಿಗ್ಗೆ ಆಕೆ ಹಿತ್ತಿಲಲ್ಲಿ ಕೈ ಮುಗಿದು "ಬರ್ರೀ ಬೀಗರ, ಬರ್ರಿ" ಎನ್ನುವುದು ಕೇಳಿಸಿ, ಎಷ್ಟೋ ತಿಂಗಳ ಮೇಲೆ ಗಂಗಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಓಡಿ ಬಂದು, "ನಗಬ್ಯಾಡ ನನ್ನವ್ವಾ, ಹೊಟ್ಟಿ ಅಲ್ಲಾಡ್ತದ," ಎಂದು ಅವಳ ಬಾಯಿ ಮುಚ್ಚಿದಳು.

ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಅಕ್ಕನನ್ನು ಮಣೆಯ ಮೇಲೆ ಕೂಡಿಸಿದರು. ಹಸಿರು ಸೀರೆ, ಹಸಿರು ಖಣದ ಕುಬಸ. ತಲೆಯ ಮೇಲೆ ಹೂವಿನ ದಂಡೆ, ಮುಳ್ಳು ಬಿಡಿಸಿದ ಕುಸುಬಿ, ಅವರಿಕೆ, ಮರುಗ ಸೇರಿಸಿ ಅವ್ವ ದಾರದಲ್ಲಿ ಕಟ್ಟಿದ್ದು. ಹೆಂಗಸರು ಸೋಬಾನ ಎತ್ತಿದರು. ಪಾರ್ವತವ್ವ ಐದು ಹಣತೆಯ ಆರತಿ ತಟ್ಟೆ ಹಿಡಿದು ನಿಂತಳು. ಬತ್ತಿ ಎಣ್ಣೆಯಲ್ಲಿ ನೆನೆದಿತ್ತು.

ಮೊದಲು ಸದ್ದು ಕೇಳಿದಾಗ ಮೋಟಾರು ಏರು ಹತ್ತುತ್ತಿದೆ ಎಂದುಕೊಂಡೆ. ಆಮೇಲೆ ಅಂಗಳದ ಮೇಲೆ ನೆರಳು ಬಂತು. ಮೋಡವಿಲ್ಲದ ಪುಷ್ಯದ ಬಾನಿನಲ್ಲಿ ನೆರಳು.

ನಮ್ಮ ಓಣಿಯ ಬೆನ್ನಿಗೇ ಕೆಂಪು ಕಲ್ಲಿನ ಗುಡ್ಡ. ಅದರ ಚಾಚಿದ ಬಂಡೆಗಳ ಕೆಳಗೆ ಹೆಜ್ಜೇನು ಹಲಗೆಗಳಂತೆ ಜೋತಾಡುತ್ತವೆ. ಗುಡ್ಡದ ಕೆಳಗೆ ಹುಟ್ಟಿದವರಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ ಒಂದೇ. ಹೆಜ್ಜೇನು ಎದ್ದರೆ ಓಡಬೇಡ, ಕೈ ಬೀಸಬೇಡ, ಹೊಗೆ ಮಾಡಬೇಡ, ಇದ್ದಲ್ಲೇ ಕಲ್ಲಾಗು. ಗೂಡು ಬದಲಿಸಲು ಹೊರಟ ಹಿಂಡು ದಣಿದಾಗ ಎಲ್ಲಿ ಬೇಕಾದರೂ ಇಳಿಯುತ್ತದೆ. ಆ ದಿನ ಇಡೀ ಊರಿನಲ್ಲಿ ಅದಕ್ಕೆ ಕಂಡದ್ದು ನಾನು ಕಟ್ಟಿದ ಹಂದರ.

ಇಳಿಯಿತು. ಸುರಿಯಿತು ಎನ್ನಬೇಕು. ಕಮಾನಿನ ನಡುವೆ, ಕುಸುಬಿ ಎಲ್ಲಿ ದಟ್ಟವಾಗಿತ್ತೋ ಅಲ್ಲಿ, ಮೊದಲು ಮುಷ್ಟಿಯಷ್ಟು, ನೋಡುತ್ತಿದ್ದಂತೆ ಕಂಬಳಿಯಷ್ಟು. ಹುಳ ಒಂದರ ಮೇಲೊಂದು ಹತ್ತಿ, ಜೋತು, ಉಸಿರಾಡುವ ಕಪ್ಪು ಜೋಳಿಗೆಯಾಗಿ ಅಕ್ಕನ ನೆತ್ತಿಯ ಮೇಲೆ ತೂಗಿತು. ಬಿದಿರು ಕಿರ್ ಎಂದಿತು.

ಬಾದಾಮಿಯ ಹೆಂಗಸರ ಸೋಬಾನ ಅರ್ಧ ಶಬ್ದದಲ್ಲೇ ನಿಂತಿತು. ಇಳಕಲ್ಲಿನವರಿಗೆ ಗೊತ್ತಿರಲಿಲ್ಲ, ಒಂದು ಸಾಲು ಮುಂದೆ ಹಾಡಿ ತಲೆ ಎತ್ತಿದರು. ಅವರಲ್ಲೊಬ್ಬ ಮುದುಕಿ ಬೀಸಣಿಗೆ ಎತ್ತಿದಳು, ಅವ್ವ ಆಕೆಯ ಮುಂಗೈಯನ್ನು ಕಚ್ಚಿ ಹಿಡಿದಂತೆ ಹಿಡಿದಳು. ಅಪ್ಪ ಸದ್ದಿಲ್ಲದೆ ಒಳಗೆ ಸರಿದು ಒಲೆಯ ಮೇಲೆ ಬೂದಿ ಮುಚ್ಚಿದ. ನೀರು ಹಾಕಿದರೆ ಹೊಗೆ ಏಳುತ್ತಿತ್ತು.

"ಗಂಗಾ," ಎಂದಳು ಅವ್ವ, ತುಟಿ ಅಲ್ಲಾಡದಂತೆ. "ಮಿಸುಕಬ್ಯಾಡ."

ಇಷ್ಟು ದಿನ ಹೊತ್ತಿಗೊಮ್ಮೆ ಮಿಸುಕಿತೇನ ಎಂದು ಕೇಳುತ್ತಿದ್ದವಳು.

ಹುಳಗಳು ಅಕ್ಕನ ದಂಡೆಗೆ ಇಳಿದವು. ಕುಸುಬಿಯ ಎಸಳಿನೊಳಗೆ ತಲೆ ಹಾಕಿದವು. ಒಂದು ಅವಳ ಹಣೆಗೆ ಬಂತು, ಕುಂಕುಮದ ಸುತ್ತ ನಡೆಯಿತು, ಹುಬ್ಬಿನ ಮೇಲೆ ನಿಂತು ಕಾಲು ಉಜ್ಜಿಕೊಂಡಿತು. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು. ಹೊಟ್ಟೆಯ ಮೇಲಿನ ಹಸಿರು ಸೆರಗು ಒಳಗಿನಿಂದ ಒಮ್ಮೆ ಅಲುಗಿದ್ದನ್ನು ನಾನು ನೋಡಿದೆ. ಒಳಗಿರುವವರಿಗೆ ಬಾದಾಮಿಯ ಪಾಠ ಇನ್ನೂ ಆಗಿರಲಿಲ್ಲ.

ಅವಳನ್ನು ಮೆಲ್ಲಗೆ ಎಬ್ಬಿಸಿ ಕತ್ತಲೆಯ ಒಳಮನೆಗೆ ಒಯ್ಯಬೇಕು, ಅಷ್ಟೇ ದಾರಿ. ಆಗ ಪಾರ್ವತವ್ವ ನನ್ನ ಕಡೆ ತಿರುಗದೆ ಕೈ ಚಾಚಿದಳು.

"ಕಡ್ಡಿಪೆಟ್ಟಿಗಿ ಕೊಡು."

"ಅತ್ತೀ, ಬೆಂಕಿ ಬ್ಯಾಡ್ರಿ. ಎಣ್ಣಿ ಹೊಗಿ ಎದ್ರ ಮುಗೀತು. ಒಬ್ರೂ ಉಳ್ಯಂಗಿಲ್ಲ."

"ಆರತಿ ಇಲ್ದ ಮಣಿ ಬಿಟ್ಟು ಎಬ್ಬಸ್ಲೇನೋ?" ಅವಳ ದನಿ ಬಿರುಕು ಬಿಟ್ಟಿತ್ತು. "ಎರಡ ಸಲ ನೋಡೇನಿ ನಾ. ಎರಡೂ ಸಲ ತೊಟ್ಲಾ ತೊಳದು ಕಾದೇನಿ. ಈ ಸಲ ಕಾರ್ಯ ಅರ್ಧಾ ಮಾಡಿ ಎಬ್ಬಿಸಿದ್ನಿ ಅಂದ್ರ, ನಾಳೆ ಏನರ ಆದ್ರ, ನಾ ಯಾರ ಮುಂದ ಅಳ್ಲಿ?"

ತಟ್ಟೆಯ ಹಣತೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅಷ್ಟು ನಡುಗುತ್ತಿದ್ದಳು. ಬೀಗತಿಯ ಗತ್ತು ಎಂದು ನಾನು ಇಷ್ಟು ದಿನ ಆಡಿಕೊಂಡದ್ದು ಗತ್ತಾಗಿರಲಿಲ್ಲ. ಒಂದೇ ಕೂಸಿನ ಸಲುವಾಗಿ ಇಬ್ಬರು ಹೆಂಗಸರು ಹೆದರಿದ್ದರು. ಒಬ್ಬಳ ಹೆದರಿಕೆಗೆ ಬೆಂಕಿ ಬೇಕಿತ್ತು, ಇನ್ನೊಬ್ಬಳದಕ್ಕೆ ಬೇಡವಾಗಿತ್ತು.

ಅಷ್ಟರಲ್ಲಿ ನನ್ನ ಕುತ್ತಿಗೆಯ ಹಿಂದೆ ಕಾಯಿಸಿದ ಕಬ್ಬಿಣ ಇಟ್ಟಂತಾಯಿತು. ಅಂಗಿಯ ಕಾಲರಿಗೆ ಸಿಕ್ಕಿದ ಹುಳ ಕಚ್ಚಿತ್ತು. ಸಣ್ಣ ಮುಳ್ಳು ಚುಚ್ಚಿದರೆ ಓಣಿಯೆಲ್ಲ ಕೇಳುವಂತೆ ಅರಚುವವನು ನಾನು. ಬಾಯಿ ತೆರೆಯಲಿಲ್ಲ. ಮೂಗಿಗೆ ಕಳಿತ ಬಾಳೆಹಣ್ಣಿನ ವಾಸನೆ ಬಂತು. ಹತ್ತಿರ ಬಾಳೆಹಣ್ಣು ಇರಲಿಲ್ಲ. ಕಚ್ಚಿದ ಹುಳ ಬಿಡುವ ವಾಸನೆ ಅದು, ಬಳಗವನ್ನೆಲ್ಲ ಕರೆಯುವ ಕೂಗು. ಮೇಲೆ ಜೋಳಿಗೆಯ ಅಂಚು ಸಡಿಲವಾಯಿತು. ಸದ್ದು ಒಂದು ಎಳೆ ಏರಿತು. ಇನ್ನೊಂದು ಕಚ್ಚಿದರೆ ಎಲ್ಲವೂ ಏಳುತ್ತವೆ, ಮಣೆಯ ಮೇಲೆ ಕೂತವಳ ಮೇಲೆ ಮೊದಲು. ಮೊಳಕಾಲೂರಿ ಬುಡದ ಮರುಗವನ್ನು ಹಿಸುಕಿ ಕುತ್ತಿಗೆಗೆ ಒತ್ತಿಕೊಂಡೆ. ಮರುಗದ ಘಾಟಿನಲ್ಲಿ ಬಾಳೆಹಣ್ಣು ಮುಳುಗಿತು. ಮುಳುಗಿತೋ, ನನಗೆ ಹಾಗೆ ಅನ್ನಿಸಿತೋ. ಸದ್ದು ಮತ್ತೆ ಇಳಿಯಿತು.

ಮೊಳಕಾಲೂರಿದ ನನ್ನ ಮುಖ ಅಕ್ಕನ ಮುಖಕ್ಕೆ ಸಮನಾಗಿತ್ತು. ಅವಳು ನನ್ನನ್ನು ನೋಡಿದಳು, ಕಂಬದ ಬುಡದ ಕುಸುಬಿಯನ್ನು ನೋಡಿದಳು, ಅತ್ತೆಯ ತಟ್ಟೆಯನ್ನು ನೋಡಿದಳು. ತುಟಿ ಅಲುಗಿತು. "ಹೂವ."

ಆ ಯುಕ್ತಿ ಹೊಳೆದದ್ದು ಅವಳಿಗೆ ಎಂದು ಅವಳು ಇಂದಿಗೂ ಹೇಳುತ್ತಾಳೆ. ಹೊಳೆದದ್ದು ನನಗೇ, ಅವಳು ಬರಿ ಬಾಯಿ ಬಿಟ್ಟಳು. ಈ ಜಗಳ ನಮ್ಮ ಕೊನೆಯವರೆಗೆ ಇದ್ದದ್ದೇ. ಅದೇನೇ ಇರಲಿ, ಬಿಸಿಲಿಗೆ ಗಟ್ಟಿಯಾಗಿದ್ದ ಮುಳ್ಳಿನೊಳಗೆ ಕೈ ಹಾಕಿದವನು ನಾನು. ಹುಳವಿಲ್ಲದ ಐದು ಹೂ ಆರಿಸಿ ಚಿವುಟಿದೆ. ಬೆರಳಿನಲ್ಲಿ ರಕ್ತ ಬಂತು. ಒಂದೊಂದೇ ಹೂವನ್ನು ಹಣತೆಯ ಬತ್ತಿಯ ಮೇಲೆ, ಎಸಳು ಮೇಲ್ಮುಖವಾಗಿ ಇಟ್ಟೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು.

"ಅತ್ತೀ," ಎಂದೆ. "ದೀಪ ಹತ್ಯಾವ ನೋಡ್ರಿ."

ಪಾರ್ವತವ್ವ ತಟ್ಟೆಯನ್ನು ನೋಡಿದಳು. ನನ್ನನ್ನು ನೋಡಿದಳು. ಬೆಳಿಗ್ಗೆ ಮಂಗಗಳಿಗೆ ಕೈ ಮುಗಿಸಿದವನ ಮಾತು ಇದು, ತಟ್ಟೆ ನನ್ನ ತಲೆಗೆ ಬೀಳುತ್ತದೆ ಎಂದುಕೊಂಡೆ. ಆಕೆ ಕಣ್ಣು ಮುಚ್ಚಿ ತೆರೆದು, ತಟ್ಟೆ ಎತ್ತಿದಳು.

ಅಂಥ ಆರತಿಯನ್ನು ನಾನು ಮತ್ತೆ ನೋಡಲಿಲ್ಲ. ದನಿಯಿಲ್ಲ. ಹೆಂಗಸರೆಲ್ಲ ಬರಿ ತುಟಿಯಲ್ಲಿ ಹಾಡುತ್ತಿದ್ದರು. ಹಾಡುತ್ತಿದ್ದದ್ದು ಮೇಲಿನ ಹಿಂಡು ಮಾತ್ರ, ಒಂದೇ ಸ್ವರದಲ್ಲಿ. ತಟ್ಟೆ ಅಕ್ಕನ ಮುಖದ ಸುತ್ತ ಮೆಲ್ಲಗೆ ತಿರುಗಿತು. ಒಂದು ಹುಳ ಹಾರಿ ಬಂದು ತಟ್ಟೆಯ ನಡುವಿನ ಹೂವಿನ ಮೇಲೆ, ಉರಿಯ ಮೇಲೆಯೇ, ಕೂತಿತು. ಹಣತೆಗಳ ಸದ್ದು ನಿಂತಿತು. ಆ ಹುಳವನ್ನೂ ಹೊತ್ತುಕೊಂಡೇ ಪಾರ್ವತವ್ವ ಆರತಿ ಮುಗಿಸಿ, ತಟ್ಟೆಯನ್ನು ನೆಲಕ್ಕಿಟ್ಟಳು.

ಅವ್ವ ಹಿಂದಿನಿಂದ ಬಂದು ದಂಡೆಯ ದಾರ ಬಿಚ್ಚಿದಳು. ಹೂವು, ಹುಳ ಎಲ್ಲ ಸಮೇತ ಅದನ್ನು ಎರಡು ಕೈಯಲ್ಲಿ ಎತ್ತಿ ಮಣೆಯ ಪಕ್ಕಕ್ಕೆ ಇಟ್ಟಳು. ಅಕ್ಕ ಎದ್ದಳು, ತುಂಬಿದ ಕೊಡ ತಲೆಯ ಮೇಲೆ ಇಟ್ಟುಕೊಂಡವರು ಏಳುವಂತೆ. ಹೊಸ್ತಿಲು ದಾಟಿದಳು. ಕತ್ತಲೆ ಅವಳನ್ನು ಒಳಗೆ ತೆಗೆದುಕೊಂಡಿತು. ಆಮೇಲೆ ಒಬ್ಬೊಬ್ಬರಾಗಿ ನಾವೆಲ್ಲ. ಕೊನೆಗೆ ಬಂದವನು ನಾನು. ಶೂರ ಎಂದಲ್ಲ, ಮೊಳಕಾಲೂರಿದ್ದವನು ಏಳುವಷ್ಟರಲ್ಲಿ ಉಳಿದವರೆಲ್ಲ ದಾಟಿದ್ದರು.

ಆ ದಿನವೆಲ್ಲ ಬಾಗಿಲು ಮುಚ್ಚಿ ಕೂತೆವು. ಒಲೆ ಹಚ್ಚುವಂತಿಲ್ಲ. ಆರಿದ ಹೋಳಿಗೆಯನ್ನು ಕತ್ತಲಲ್ಲೇ ಹಂಚಿಕೊಂಡೆವು. ನನ್ನ ಕುತ್ತಿಗೆ ಕುಂಬಳಕಾಯಿಯಾಗಿತ್ತು. ಯಾರೋ ಹತ್ತಿರ ಸರಿದು ಕೂತರು. ಪಾರ್ವತವ್ವ.

"ಖರೇನ ಹೇಳೋ ಶೀನ್ಯಾ. ಅದು ಆರತಿ ಆತೇನು?"

ಆ ದನಿಗೆ ಇಲ್ಲ ಎನ್ನುವುದು ಹೇಗೆ? "ಆತ್ರಿ ಅತ್ತಿ," ಎಂದೆ. "ನಮ್ಮ ಬಾದಾಮ್ಯಾಗ ಚಳಿಗಾಲದ ಕುಬಸಕ್ಕ ಮೊದಲನೇ ಆರತಿ ಕುಸುಬಿ ಹೂವಿಂದ. ಭಾಳ ಹಳೇ ಪದ್ಧತಿ."

"ಮತ್ತ ಆ ಪದ್ಧತಿ ಮೊದಲ ಯಾಕ ಹೇಳ್ಲಿಲ್ಲ?"

"ಬೀಗರು ಎಷ್ಟು ತಿಳಕೊಂಡಾರ ನೋಡೂಣಂತ."

ಕತ್ತಲಲ್ಲಿ ನನ್ನ ಬೆನ್ನಿಗೊಂದು ಗುದ್ದು ಬಿತ್ತು. ಆಮೇಲೆ ಆಕೆ ಬಿಟ್ಟ ಉಸಿರು ಎಷ್ಟು ಉದ್ದವಿತ್ತೆಂದರೆ, ಎರಡು ಸಲ ಕಾದದ್ದೆಲ್ಲ ಅದರಲ್ಲಿ ಹೊರಗೆ ಬಂದಿರಬೇಕು. ನಾನು ಆಡಿದ ಸುಳ್ಳುಗಳಲ್ಲಿ ಅದೇ ಚಲೋದು.

ಮರುದಿನ ಬಿಸಿಲು ಕಾಯುತ್ತಲೇ ಹಿಂಡು ಎದ್ದು ಗುಡ್ಡದ ಕಡೆ ಹೋಯಿತು. ಹಂದರವನ್ನು ಬಿಚ್ಚಿದೆವು. ದಂಟು ಈರಪ್ಪನ ಎತ್ತುಗಳಿಗೆ, ತೆನೆ ಗುಬ್ಬಿಗೆ, ಉಸುಕು ತುಳಸಿಯ ಬುಡಕ್ಕೆ, ಎಲೆ ತಿಪ್ಪೆಗೆ. ಉಳಿದದ್ದು ಹೆದರಿಕೆ ಮಾತ್ರ. ಅಷ್ಟು ಅಂಜಿದವಳ ಹೊಟ್ಟೆ ನಿಲ್ಲುತ್ತದೆಯೇ? ನಾನು ಹುನಗುಂದಕ್ಕೆ ಮರಳಿದೆ. ಸಾಲೆಯ ಕಿಟಕಿಯಿಂದ ಬಾದಾಮಿಯ ಕಡೆಯ ಮೋಟಾರು ಕಂಡರೆ ಸಾಕು, ಯಾರು ಇಳಿಯುತ್ತಾರೋ, ಏನು ಸುದ್ದಿ ತರುತ್ತಾರೋ ಎಂದು ಕೈಯ ಸುಣ್ಣದ ಕಡ್ಡಿ ಮುರಿಯುತ್ತಿತ್ತು. ಆ ಎರಡು ತಿಂಗಳು ನಾನು ಯಾರಿಗೂ ಚೇಷ್ಟೆ ಮಾಡಲಿಲ್ಲ. ಮಾಸ್ತರಿಗೆ ಜಡ್ಡಾಗಿದೆ ಎಂದು ಹುಡುಗರು ಮಾತಾಡಿಕೊಂಡರು.

ಬೇವು ಹೂ ಬಿಡುವ ಹೊತ್ತಿಗೆ ಹೆಣ್ಣು ಹುಟ್ಟಿತು. ಅದರ ಮೊದಲ ಕೂಗಿಗೆ ಮಾಳಿಗೆಯ ಮೇಲಿನ ಮಂಗಗಳು ಓಡಿಹೋದವಂತೆ. ಶಾಂತಾ ಎಂದು ಹೆಸರಿಟ್ಟರು. ಅಷ್ಟು ದೊಡ್ಡ ಸುಳ್ಳನ್ನು ನಾನೂ ಆಡಿಲ್ಲ.

ಪಾರ್ವತವ್ವ ತನ್ನ ಜೀವ ಇರುವವರೆಗೆ ಇಳಕಲ್ಲಿನಲ್ಲಿ ಎಲ್ಲರ ಮನೆಯ ಕುಬಸಕ್ಕೂ ಹೋಗಿ, ಮೊದಲು ಕುಸುಬಿಯ ಆರತಿ ಎತ್ತಿಸಿದಳು. ಅದು ಊರೂರು ಹಬ್ಬಿತು. ಮೊನ್ನೆ ಬಾಗಲಕೋಟೆಯ ಆ ಕಾರ್ಯಾಲಯದಲ್ಲಿ ಯಾರೋ ಮೈಕು ಹಿಡಿದು, ಇದು ಚಾಲುಕ್ಯರ ಕಾಲದಿಂದ ಬಂದ ಪದ್ಧತಿ, ಈಗ ಯಾರೂ ಹಾಡಬಾರದು, ತುಟಿಯಲ್ಲಷ್ಟೇ ಅನ್ನಬೇಕು ಎಂದು ತಿಳಿಸಿ ಹೇಳಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಶಾಂತಾ ತನ್ನ ಬಸುರಿ ಮಗಳ ಮುಂದೆ ತಟ್ಟೆ ಹಿಡಿದು ನಿಂತಳು. ಆ ಪ್ಲಾಸ್ಟಿಕ್ಕಿನ ವನದಲ್ಲಿ ಜೀವದ ಹೂವೆಂದರೆ ಹಣತೆಯಲ್ಲಿದ್ದ ಆ ಐದು. ಸಭೆ ಸುಮ್ಮನಾಯಿತು. ಬಾಳೆಹಣ್ಣಿನ ವಾಸನೆ ದಟ್ಟವಾಗಿತ್ತು. ಎಲ್ಲರೂ ಆರತಿ ನೋಡುತ್ತಿದ್ದರು. ನನ್ನ ಪಕ್ಕದಲ್ಲಿ ಗಂಗಕ್ಕ ಮಾತ್ರ ತಲೆ ಎತ್ತಿ ಕಮಾನಿನ ನಡುವನ್ನು ನೋಡುತ್ತಿದ್ದಳು. ನಾನೂ ಅಲ್ಲೇ ನೋಡುತ್ತಿದ್ದೆ. ಅವಳ ಕೈ ಬಂದು ನನ್ನ ಮುಂಗೈ ಹಿಡಿಯಿತು.

"ಉಸರು ಬಿಡೋ ಶೀನ್ಯಾ," ಎಂದಳು, ತುಟಿ ಅಲ್ಲಾಡದಂತೆ.

"ನೀ ಮೊದಲ ಬಿಡಕ್ಕ," ಎಂದೆ.

ತಟ್ಟೆ ಕೆಳಗಿಳಿಯುವವರೆಗೆ ಇಬ್ಬರೂ ಬಿಡಲಿಲ್ಲ.